ಆರ್.ಸಿ. ಪುಸ್ತಕದಲ್ಲೊಂದು ಬಳ್ಳಾರಿ ಜಿಲ್ಲೆ

ಜಾವಾ ಅಂದರೆ ಸಾಕು, ಎಲ್ಲರೂ "ಓ, ಮೈಸೂರಿನ ಗಾಡಿ" ಅಂತಾರೆ. ಸರಿಯೇ, ಹುಟ್ಟಿದ್ದು ಮೈಸೂರಿನಲ್ಲೇ. ಆದರೆ ಗಾಡಿಗಳ ಚರಿತ್ರೆ ಬರೆಯುವವರು ಯಾಕೋ ಕಾರ್ಖಾನೆಯ ಗೇಟಿನ ಹತ್ತಿರವೇ ನಿಂತುಬಿಡ್ತಾರೆ. 1961ರಲ್ಲಿ ಶುರುವಾಯ್ತು, 1996ರಲ್ಲಿ ಬಾಗಿಲು ಹಾಕಿತು, ಕಥೆ ಮುಗೀತು! ಗೇಟು ದಾಟಿ ಹೊರಗೆ ಬಂದ ಗಾಡಿ ಆಮೇಲೆ ಯಾವ ಊರು ಸೇರಿತು, ಯಾರನ್ನ ಹೊತ್ತುಕೊಂಡು ತಿರುಗಿತು, ಯಾರು ಅದನ್ನ ಬಿಚ್ಚಿ ಜೋಡಿಸಿದರು ಅನ್ನೋದು ಯಾರಿಗೂ ಬೇಡ.

ನನ್ನ ಹತ್ತಿರ 1974ರ ಒಂದು ಯೆಜ್ಡಿ 250 ಇದೆ. ಅದರ ಆರ್.ಸಿ. ಪುಸ್ತಕದಲ್ಲಿ ನಾಲ್ಕು ಮಾಲೀಕರ ಹೆಸರಿವೆ, ನಾಲ್ಕನೆಯವನು ನಾನು. ಮೊದಲನೆಯವರು ಸಿರುಗುಪ್ಪದವರು, ಎರಡನೆಯವರು ಕುರುಗೋಡಿನವರು, ಮೂರನೆಯವರು ಬಳ್ಳಾರಿ ಪೇಟೆಯವರು. ಹಾಳೆ ಹಳದಿಯಾಗಿದೆ, ಮಡಿಕೆಯಲ್ಲಿ ಹರಿದಿದೆ, ಸೀಲು ಮಾಸಿದೆ. ಆದರೆ ಆ ನಾಲ್ಕು ಸಾಲು ಓದುತ್ತಾ ಹೋದರೆ ನಮ್ಮ ಜಿಲ್ಲೆಯ ಐವತ್ತು ವರ್ಷದ ಚರಿತ್ರೆ ಸಿಗುತ್ತೆ. ಉತ್ಪ್ರೇಕ್ಷೆ ಅನ್ನಿಸಿದರೆ ಪೂರ್ತಿ ಓದಿ, ಆಮೇಲೆ ಬೈಯಿರಿ.

*

ಮೊದಲು ಗಾಡಿಯ ಜಾತಕ. ಬೇಗ ಹೇಳಿ ಮುಗಿಸ್ತೀನಿ.

1929ರಲ್ಲಿ ಜೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ ಅನ್ನೋ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯಿಂದ ಒಂದು ಮೋಟರ್‌ಸೈಕಲ್ಲಿನ ವಿನ್ಯಾಸ ಕೊಂಡುಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರ, ಅವರ ಹೆಸರಿನ ಮೊದಲೆರಡು ಅಕ್ಷರ ಸೇರಿಸಿ 'ಜಾವಾ' ಅಂದ. ಇಂಡೋನೇಷ್ಯಾದ ದ್ವೀಪಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ಸಾಫ್ಟ್‌ವೇರ್ ಜಾವಾ ಅಂತೂ ಮೊನ್ನೆ ಮೊನ್ನೆಯದು!

ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಸರ್ಕಾರ ವಿದೇಶಿ ಮೋಟರ್‌ಸೈಕಲ್ ಆಮದಿಗೆ ಕಡಿವಾಣ ಹಾಕ್ತು. ಗಾಡಿ ಬೇಕಾದರೆ ಇಲ್ಲೇ ಮಾಡಿ ಅಂತು. ಹಾಗಾಗಿ 1955ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡಿನ ಬುಲೆಟ್ಟು ಶುರುವಾಯ್ತು. ದಿಲ್ಲಿ ಹತ್ತಿರದ ಎಸ್ಕಾರ್ಟ್ಸ್‌ನವರು ಪೋಲೆಂಡಿನ ಗಾಡಿಯೊಂದನ್ನ ತಂದು ರಾಜದೂತ್ ಅಂತ ಹೆಸರಿಟ್ಟರು. ಬೊಂಬಾಯಿಯಲ್ಲಿ ಜಾವಾ ಆಮದು ಮಾಡಿ ಮಾರುತ್ತಿದ್ದ ಪಾರಸಿಗಳು ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಮೈಸೂರಿಗೆ ಬಂದು ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅದನ್ನ ಉದ್ಘಾಟಿಸಿದರು.

ಜೆಕ್ ಕಂಪನಿಯ ಹೆಸರು ಬಿಟ್ಟು 1973ರಿಂದ ಇವರು 'ಯೆಜ್ಡಿ' ಅನ್ನೋ ಹೆಸರು ಹಾಕಿಕೊಂಡರು. ಇರಾನಿ ಮನೆತನಗಳ ಮೂಲವಾದ ಇರಾನಿನ ಯಜ್ದ್ ಊರಿನಿಂದ ಆ ಹೆಸರು ಬಂತು ಅಂತ ಒಂದು ಕಥೆ. ಜೆಕ್ ಭಾಷೆಯಲ್ಲಿ 'ಸವಾರಿ ಮಾಡು' ಅನ್ನೋ ಮಾತಿಗೂ ಹೆಚ್ಚುಕಮ್ಮಿ ಇದೇ ಸದ್ದು, ಅಲ್ಲಿಂದ ಬಂತು ಅಂತ ಇನ್ನೊಂದು ಕಥೆ. ನಿಮಗೆ ಯಾವುದು ರುಚಿಸುತ್ತೋ ಅದನ್ನ ಇಟ್ಕೊಳ್ಳಿ. ನಮ್ಮ ಕಡೆ ಮಾತ್ರ ಟ್ಯಾಂಕಿನ ಮೇಲೆ ಏನೇ ಬರೆದಿರಲಿ, ಬಾಯಲ್ಲಿ ಬರೋದು 'ಜಾವಾ ಗಾಡಿ' ಅಂತಲೇ.

ಇನ್ನೊಂದು ತಮಾಷೆ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೂ ಮದ್ರಾಸ್ ರಾಜ್ಯದಲ್ಲಿತ್ತು. ಆಂಧ್ರ ರಾಜ್ಯ ಹುಟ್ಟಿದ ದಿನವೇ ನಮ್ಮ ಜಿಲ್ಲೆಯ ಬಹುಭಾಗ ಮೈಸೂರಿಗೆ ಸೇರಿತು. ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು. ನಾವು ಮದ್ರಾಸ್ ಬಿಟ್ಟ ಎರಡು ವರ್ಷಕ್ಕೆ ಮದ್ರಾಸಿಗೆ ಬುಲೆಟ್ಟು ಬಂತು. ನಾವು ಮೈಸೂರು ಸೇರಿದ ಎಂಟು ವರ್ಷಕ್ಕೆ ಮೈಸೂರಿಗೆ ಜಾವಾ ಬಂತು. "ಮದ್ರಾಸ್‌ನಾಗೇ ಇದ್ದಿದ್ರ ನಾವೂ ಬುಲೆಟ್ ಹೊಡೀತಿದ್ವಿ ನೋಡು" ಅಂತ ನಮ್ಮ ಗುಂಪಿನ ಬುಲೆಟ್ ಅಭಿಮಾನಿ ಒಬ್ಬ ಆಗಾಗ ಕೆಣಕ್ತಾನೆ. ಅವನ ಬುಲೆಟ್ಟೇ ನಮ್ಮ ಸವಾರಿಗಳಲ್ಲಿ ಹೆಚ್ಚು ಸಲ ನಿಲ್ಲೋದು ಅನ್ನೋದು ಬೇರೆ ಮಾತು.

*

ಈಗ ಆರ್.ಸಿ. ಪುಸ್ತಕ ತೆಗೆಯೋಣ.

ಮೊದಲನೇ ಹೆಸರು, ಸಿರುಗುಪ್ಪ, 1974. ರೈಸ್ ಮಿಲ್ಲಿನ ಲೆಕ್ಕಪತ್ರ ನೋಡುತ್ತಿದ್ದವರು.

ಸಿರುಗುಪ್ಪದಲ್ಲಿ ರೈಸ್ ಮಿಲ್ಲು ಯಾಕಿದೆ ಅಂದರೆ ತುಂಗಭದ್ರಾ ಅಣೆಕಟ್ಟಿಗೆ ಹೋಗಬೇಕು. 1945ರಲ್ಲಿ ಅಡಿಗಲ್ಲು ಹಾಕಿದ್ದು, 1953ರಲ್ಲಿ ಕಾಲುವೆಗೆ ನೀರು ಬಿಟ್ಟಿದ್ದು. ಅಲ್ಲಿಯವರೆಗೆ ಈ ಸೀಮೆ ಅಂದರೆ ಬರ. ಎರೆ ಹೊಲ, ಮಳೆ ಬಂದರೆ ಜೋಳ ಹತ್ತಿ, ಬರದಿದ್ದರೆ ಗುಳೆ. ಬಲದಂಡೆಯ ಕೆಳಮಟ್ಟದ ಕಾಲುವೆಯ ನೀರು ಸಿರುಗುಪ್ಪದ ಕಡೆ ಹರಿದ ಮೇಲೆ ಜೋಳದ ಸೀಮೆ ಭತ್ತದ ಸೀಮೆ ಆಯ್ತು. ಆಂಧ್ರದ ಕರಾವಳಿಯಿಂದ ಭತ್ತ ಬೆಳೆಯೋದು ಬಲ್ಲ ರೈತರು ಬಂದು ಕಾಲುವೆ ಬದಿಯಲ್ಲಿ ನೆಲೆಸಿದರು. ಅವರ ಊರುಗಳಿಗೆ ಇವತ್ತಿಗೂ 'ಕ್ಯಾಂಪ್' ಅಂತಲೇ ಹೆಸರು. ಕ್ಯಾಂಪಿನಿಂದ ಮಿಲ್ಲಿಗೆ, ಮಿಲ್ಲಿನಿಂದ ಬಳ್ಳಾರಿ ಪೇಟೆಗೆ ಓಡಾಟ ಶುರುವಾಯ್ತು. ಸಿರುಗುಪ್ಪದಿಂದ ಬಳ್ಳಾರಿಗೆ ಐವತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿ. ಬಸ್ಸಿಗೆ ಕಾದರೆ ದಿನ ಹೋಯ್ತು. ಎತ್ತಿನ ಗಾಡಿಗೆ ಆಗದ, ಲಾರಿಗೆ ಸಣ್ಣದಾದ ಈ ಓಡಾಟಕ್ಕೆ ಮೋಟರ್‌ಸೈಕಲ್ ಬೇಕಿತ್ತು.

ಜಾವಾದ ಎಂಜಿನ್ನು 65 ಮಿ.ಮೀ. ಬೋರು, 75 ಮಿ.ಮೀ. ಸ್ಟ್ರೋಕು. ಅಂದರೆ ಅಗಲಕ್ಕಿಂತ ಉದ್ದ ಜಾಸ್ತಿ. ಇಂಥ ಎಂಜಿನ್ನು ಬಹಳ ಜೋರಾಗಿ ಓಡಲ್ಲ, ಆದರೆ ಕಡಿಮೆ ವೇಗದಲ್ಲೇ ಎಳೆಯುತ್ತೆ. ಹಿಂದೆ ಒಬ್ಬರು, ಮುಂದೆ ಟ್ಯಾಂಕಿನ ಮೇಲೆ ಒಂದು ಚೀಲ, ಕೆಳಗೆ ಎರೆ ಮಣ್ಣಿನ ದಾರಿ... ಎರಡನೇ ಗೇರಿನಲ್ಲಿ ದಬ ದಬ ಅಂತ ಹೋಗ್ತಾ ಇರುತ್ತೆ. ಇನ್ನೊಂದು ದೊಡ್ಡ ಗುಣ ಮುಚ್ಚಿದ ಚೈನು. ಚೈನಿಗೆ ಪೂರ್ತಿ ಕವಚ, ಎರಡು ಕಡೆ ರಬ್ಬರ್ ಕೊಳವೆ. ನಮ್ಮ ಧೂಳಿಗೆ ಬಯಲಲ್ಲಿರೋ ಚೈನು ಬೇಗ ಸವೆದುಹೋಗುತ್ತೆ. ಮುಚ್ಚಿದ ಚೈನು ವರ್ಷಗಟ್ಟಲೆ ಬರುತ್ತೆ. ಜೆಕ್ ಜನ ತಮ್ಮ ಹಿಮಕ್ಕೆ, ಕೆಸರಿಗೆ ಅಂತ ಮಾಡಿದ್ದು ಬಳ್ಳಾರಿ ಧೂಳಿಗೆ ಒದಗಿತು!

ಒಂದೇ ಒಂದು ದೋಷ ಹೇಳಬೇಕು. ಇಳಿಬಿಟ್ಟ ದೊಡ್ಡ ಮಡ್‌ಗಾರ್ಡು. ನೋಡೋಕೆ ಚೆಂದ, ಆದರೆ ಮಳೆಗಾಲದಲ್ಲಿ ಎರೆ ಮಣ್ಣು ಅದರೊಳಗೆ ತುಂಬಿಕೊಂಡು ಚಕ್ರವೇ ತಿರುಗಲ್ಲ. ಈಗಲೂ ಸಿರುಗುಪ್ಪದ ಕಡೆ ಹೊರಟರೆ ನಮ್ಮಲ್ಲಿ ಒಬ್ಬರಾದರೂ ಬಿದಿರು ಕಡ್ಡಿ ಇಟ್ಟುಕೊಂಡಿರ್ತಾರೆ. ಮಣ್ಣು ಕೆರೆಯೋಕೆ.

*

ಎರಡನೇ ಹೆಸರು, ಕುರುಗೋಡು, 1983. ಶಾಲಾ ಮಾಸ್ತರರು.

ಕುರುಗೋಡು ಒಂದು ಕಾಲಕ್ಕೆ ಸಿಂದರ ರಾಜಧಾನಿ. ದೊಡ್ಡ ಬಸವೇಶ್ವರನ ಗುಡಿ, ಅದರೊಳಗೆ ಆಳೆತ್ತರ ಮೀರಿದ ಬಸವಣ್ಣ. ಬೆಟ್ಟದ ಬುಡದಲ್ಲಿ ಹಳೇ ಗುಡಿಗಳು ಸಾಲಾಗಿವೆ. ಬಳ್ಳಾರಿಯಿಂದ ಮೂವತ್ತು ಕಿಲೋಮೀಟರಿನೊಳಗೆ, ಹಾಗಾಗಿ ನಮ್ಮ ಗುಂಪು ಭಾನುವಾರ ಬೆಳಗಿನ ಸಣ್ಣ ಸವಾರಿಗೆ ಹೋಗೋದು ಅಲ್ಲಿಗೇ.

ಮಾಸ್ತರರ ಕಾಲದಲ್ಲಿ ಗಾಡಿಯ ಲೋಕ ಬದಲಾಯ್ತು. 1984-85ರಲ್ಲಿ ಜಪಾನಿನ ನೂರು ಸಿ.ಸಿ. ಗಾಡಿಗಳು ಬಂದವು. ಇಂಡ್-ಸುಜುಕಿ, ಹೀರೋ ಹೋಂಡಾ, ಯಮಹಾ ಆರ್‌ಎಕ್ಸ್ 100. ಹೀರೋ ಹೋಂಡಾದವರ ಜಾಹೀರಾತು ನೆನಪಿದೆಯಾ? ಪೆಟ್ರೋಲ್ ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ ಅನ್ನೋ ಅರ್ಥದ್ದು. ಲೀಟರಿಗೆ ಮೂವತ್ತರ ಆಸುಪಾಸು ಕೊಡೋ ಜಾವಾದ ಪಕ್ಕ ಅದರ ಎರಡು ಪಟ್ಟಿಗೂ ಹೆಚ್ಚು ಕೊಡೋ ಗಾಡಿ ಬಂದು ನಿಂತರೆ ಸಂಬಳದವರು ಏನು ಮಾಡಬೇಕು?

ನನಗೆ ಆ ಜಾಹೀರಾತಿನ ಕೊನೆಯ ಪದ ಮುಖ್ಯ ಅನ್ನಿಸುತ್ತೆ. 'ಮರೆತುಬಿಡಿ'. ಅಲ್ಲಿಯವರೆಗೆ ಗಾಡಿ ಇಟ್ಟುಕೊಳ್ಳೋದು ಅಂದರೆ ಅದನ್ನ ನೆನಪಿಟ್ಟುಕೊಳ್ಳೋದು, ಎತ್ತು ಸಾಕಿದ ಹಾಗೆ. ಜಾವಾಕ್ಕೆ ಎಂಜಿನ್ ಆಯಿಲ್ಲು ಪೆಟ್ರೋಲಿನಲ್ಲೇ ಬೆರೆಸಬೇಕು. ಹಳೇ ಲೆಕ್ಕ ಇಪ್ಪತ್ತೈದಕ್ಕೆ ಒಂದು, ಅಂದರೆ ಲೀಟರಿಗೆ 40 ಮಿ.ಲೀ. ಮರೆತರೆ ಅರ್ಧ ದಾರಿಯಲ್ಲಿ ಪಿಸ್ಟನ್ ಕಚ್ಚಿಕೊಳ್ಳುತ್ತೆ. ಪಿಸ್ಟನ್ನು ಅಲ್ಯುಮಿನಿಯಂ, ಸಿಲಿಂಡರು ಬೀಡುಕಬ್ಬಿಣ. ಬಿಸಿಗೆ ಅಲ್ಯುಮಿನಿಯಂ ಬೇಗ ಉಬ್ಬುತ್ತೆ. ಮೇ ತಿಂಗಳ ಬಳ್ಳಾರಿಯಲ್ಲಿ ನಲವತ್ತು ಡಿಗ್ರಿ ದಾಟಿದ ಬಿಸಿಲು, ಎದುರುಗಾಳಿ, ಮೇಲೆ ಆಯಿಲ್ಲು ಕಮ್ಮಿ... ಮುಗೀತು ಕಥೆ. ನಮಗೆಲ್ಲ ಗಾಡಿ ಕಲಿಸಿದ ಬಳ್ಳಾರಿಯ ಹಿರಿಯ ಮೆಕ್ಯಾನಿಕ್ ಒಬ್ಬರು, ಚಾಚಾ ಅಂತೀವಿ, ಹೊಸಬರಿಗೆ ಮೊದಲ ದಿನವೇ ಹೇಳೋ ಮಾತು ಇದು: "ಆಯಿಲ್ ಹಾಕಾಕ ಜೀನತನ ಮಾಡಬ್ಯಾಡ್ರೀ ಸಾರ್. ಅಲ್ಲಿ ಉಳಿಸಿದ ಹತ್ತು ರೂಪಾಯಿ ನನಗ ಬಂದು ಸಾವಿರ ಆಗ್ತೈತಿ."

ಹೋಗಲಿ, ಮಾಸ್ತರರು ಜಪಾನಿನ ಗಾಡಿಗೆ ಮನಸ್ಸು ಕೊಡಲಿಲ್ಲ. ಬೇಕಾದ ಹಾಗೆ ರಿಪೇರಿ ಮಾಡಿಸಿಕೊಂಡು ಹನ್ನೊಂದು ವರ್ಷ ಓಡಿಸಿದರು. ನನ್ನ ಗಾಡಿಯ ಹಿಂದಿನ ಕ್ಯಾರಿಯರಿನ ಪಟ್ಟಿ ಕಂಪನಿಯದ್ದಲ್ಲ. ಹಳೇ ಕುಂಟೆಯ ಕುಡವನ್ನ ಕಾಯಿಸಿ ಬಡಿದು ಕುರುಗೋಡಿನ ಕಮ್ಮಾರರೊಬ್ಬರು ಮಾಡಿಕೊಟ್ಟಿದ್ದು ಅಂತ ಮೂರನೇ ಮಾಲೀಕರು ಹೇಳಿದ್ದರು. ನಲವತ್ತು ವರ್ಷದ ಮೇಲೂ ಅಲುಗಾಡಿಲ್ಲ.

*

ಮೂರನೇ ಹೆಸರು, ಬಳ್ಳಾರಿ, 1994. ಜೀನ್ಸ್ ಹೊಲಿಯೋ ಘಟಕದಲ್ಲಿ ಕಟಿಂಗ್ ಮಾಸ್ಟರ್.

ಬಳ್ಳಾರಿ ಜೀನ್ಸ್ ಈಗ ಎಲ್ಲರಿಗೂ ಗೊತ್ತು. ಬ್ರಿಟಿಷರ ದಂಡು ಇದ್ದ ಕಾಲದಿಂದ ಇಲ್ಲಿ ದರ್ಜಿ ಮನೆತನಗಳಿದ್ದವು, ಸಿಪಾಯಿಗಳ ಬಟ್ಟೆ ಹೊಲಿದ ಕೈಗಳು. ಆ ಕೈಗಳ ಮುಂದಿನ ತಲೆಮಾರು ಜೀನ್ಸಿಗೆ ತಿರುಗಿತು. ಕತ್ತರಿಸಿದ ಬಟ್ಟೆಯ ಗಂಟು ಮನೆ ಮನೆಗೆ ಹಂಚಬೇಕು, ಹೊಲಿದಿದ್ದನ್ನ ವಾಪಸ್ಸು ತರಬೇಕು. ಗಲ್ಲಿಯೊಳಗೆ ಆಟೋ ಹೋಗಲ್ಲ. ಭಾರ ಎಳೆಯೋ ಅಗ್ಗದ ಹಳೇ ಗಾಡಿ ಬೇಕು. ಅಕ್ಕಿ ಹೊತ್ತ ಯೆಜ್ಡಿ ಹಾಗೆ ಡೆನಿಮ್ ಹೊತ್ತಿತು.

ಇವರ ಕೈಗೆ ಬಂದ ಎರಡು ವರ್ಷಕ್ಕೆ ಮೈಸೂರಿನ ಕಾರ್ಖಾನೆ ಮುಚ್ಚಿತು. ಕಾರ್ಮಿಕರ ತಕರಾರು, ಹೊಗೆಯ ಹೊಸ ನಿಯಮಗಳು, ಜಪಾನಿನ ಪೈಪೋಟಿ, ಎಲ್ಲ ಸೇರಿ. ಸಾವಿರಾರು ಜನರ ಅನ್ನದ ದಾರಿ ಅದು. ಮೈಸೂರಿನವರು ಅದರ ಬಗ್ಗೆ ಬರೆದಿದ್ದಾರೆ, ಇನ್ನೂ ಬರೀಬೇಕು. ನನ್ನ ಪ್ರಶ್ನೆ ಬೇರೆ. ಕಂಪನಿ ಸತ್ತ ಮೇಲೂ ಗಾಡಿ ಹೇಗೆ ಬದುಕಿತು?

ಉತ್ತರ ಗಾಡಿಯ ಒಳಗೇ ಇದೆ. ಎರಡು ಸ್ಟ್ರೋಕಿನ ಎಂಜಿನ್ನಿಗೆ ವಾಲ್ವು ಇಲ್ಲ, ಕ್ಯಾಮು ಇಲ್ಲ. ಹೆಡ್ಡು ಬಿಚ್ಚಿದರೆ ಪಿಸ್ಟನ್ನು ಕಣ್ಣೆದುರು. ನಾಲ್ಕೈದು ಸ್ಪ್ಯಾನರು, ಒಂದು ಸ್ಕ್ರೂ ಡ್ರೈವರು, ಪಾಯಿಂಟ್ ಗ್ಯಾಪ್ ನೋಡೋಕೆ ಒಂದು ಫೀಲರ್ ಗೇಜು. ಗೇಜು ಇಲ್ಲದಿದ್ದರೆ ಪೋಸ್ಟ್‌ಕಾರ್ಡಿನ ತುಂಡು! ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ಒಳಗೆ ಇದ್ದಿಲು ಕಟ್ಟಿಕೊಂಡರೆ ಗಾಡಿ ಎಳೆಯಲ್ಲ. ಬಿಚ್ಚಿ, ಒಳಗಿನ ಕೊಳವೆ ಹೊರಗೆ ತೆಗೆದು, ಸುಟ್ಟು, ಬಡಿದು ಮತ್ತೆ ಹಾಕಿದರೆ ಮಾರನೇ ದಿನ ಹೊಸ ಗಾಡಿ. ಸಿಲಿಂಡರು ಸವೆದರೆ ಲೇತಿನಲ್ಲಿ ಕೊರೆಸಿ ಒಂದು ಸೈಜು ದೊಡ್ಡ ಪಿಸ್ಟನ್ನು ಹಾಕಬಹುದು. ಪಂಪ್‌ಸೆಟ್ಟು, ಟ್ರ್ಯಾಕ್ಟರು ರಿಪೇರಿ ಮಾಡೋ ಯಾವ ಊರಿನ ಕೈಗಳಿಗೂ ಇದು ಅರ್ಥವಾಗುತ್ತೆ. ಕಾಲುವೆ ಬಂದ ಮೇಲೆ ನಮ್ಮ ಸೀಮೆಯಲ್ಲಿ ಅಂಥ ಕೈಗಳು ಊರೂರಲ್ಲಿ ಇದ್ದವು. ಮೈಸೂರಿನ ಗೇಟು ಮುಚ್ಚಿದರೂ ಸಿರುಗುಪ್ಪದ ಶೆಡ್ಡು ತೆರೆದೇ ಇತ್ತು.

ರಿಪೇರಿ ನಮ್ಮಲ್ಲಿ ಹೊಸ ವಿದ್ಯೆಯೂ ಅಲ್ಲ ಬಿಡಿ. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಹೊಸ ಶಿಲಾಯುಗದ ಜನ ಕಲ್ಲು ಕೊಡಲಿ ಮಾಡುತ್ತಿದ್ದರು. ದೊಡ್ಡ ಕಾರ್ಖಾನೆಯೇ ಅನ್ನಿ. ಕೊಡಲಿ ಉಜ್ಜಿ ಹರಿತ ಮಾಡಿದ ಗಾಡಿಗಳು ಬಂಡೆಯ ಮೇಲೆ ಇವತ್ತಿಗೂ ಇವೆ. (ಗಾಡಿ ಅಂದರೆ ಇಲ್ಲಿ ಕಲ್ಲಿನಲ್ಲಿ ಬಿದ್ದ ಉದ್ದನೆಯ ಗುರುತು. ಕಿಕ್ ಹೊಡೆಯೋ ಗಾಡಿ ಅಲ್ಲ!) ಸಿರುಗುಪ್ಪ ರಸ್ತೆಯ ತೆಕ್ಕಲಕೋಟೆಯಲ್ಲೂ ಅದೇ ಕಾಲದ ನೆಲೆ ಇದೆ, 1963-64ರಲ್ಲಿ ಅಲ್ಲಿ ಉತ್ಖನನ ನಡೆಯಿತು. ಇನ್ನೂ ಮುಂದೆ ನದಿ ದಂಡೆಯ ನಿಟ್ಟೂರು, ಉಡೇಗೋಳಂನಲ್ಲಿ ಅಶೋಕನ ಶಾಸನಗಳಿವೆ, ಅವನ ಹೆಸರು ನೇರವಾಗಿ ಬರೆದಿರೋ ಕೆಲವೇ ಶಾಸನಗಳಲ್ಲಿ ಇವೂ ಸೇರಿವೆ. ಒಂದು ಟ್ಯಾಂಕ್ ಪೆಟ್ರೋಲಿನಲ್ಲಿ ಎಷ್ಟು ಸಾವಿರ ವರ್ಷ ಸುತ್ತಿಬರಬಹುದು ನೋಡಿ.

*

ನಾಲ್ಕನೇ ಹೆಸರು ನನ್ನದು, 2009.

ಅದು ಅದಿರಿನ ಕಾಲ. ಸಂಡೂರು, ಹೊಸಪೇಟೆ ಕಡೆಯ ರಸ್ತೆಗಳಲ್ಲಿ ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಮನೆಗೆ ಬಂದು ಮುಖ ತೊಳೆದರೆ ಕೆಂಪು ನೀರು. ಏರ್ ಫಿಲ್ಟರ್ ತೆಗೆದು ಜಾಡಿಸಿದರೆ ಕುಂಕುಮ ಉದುರಿದ ಹಾಗೆ. ಕಬ್ಬಿಣದ ಬೆಲೆ ಏರಿದ್ದರಿಂದ ಗುಜರಿಯವರು ಹಳೇ ಗಾಡಿಗಳನ್ನ ತೂಕಕ್ಕೆ ಕೇಳುತ್ತಿದ್ದರು. ನಾನು ಕೊಂಡಿದ್ದೂ ಗುಜರಿಯವನಿಗಿಂತ ಸ್ವಲ್ಪ ಜಾಸ್ತಿ ಕೊಟ್ಟು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ಮಾಯವಾದವು. ಆಮೇಲೇ ನಮ್ಮ ಏಳೆಂಟು ಜನರ ಗುಂಪು ಶುರುವಾಗಿದ್ದು, ರಸ್ತೆ ಖಾಲಿಯಾದ ಮೇಲೆ.

ಗುಂಪಿನ ನಿಯಮಗಳು ಸರಳ. ಬೇಸಿಗೆಯಲ್ಲಿ ಆರು ಗಂಟೆಯೊಳಗೆ ಊರು ಬಿಡಬೇಕು. ಎಲ್ಲಕ್ಕಿಂತ ನಿಧಾನದ ಗಾಡಿ ಮುಂದೆ, ಸಾಮಾನು ಇರೋ ಗಾಡಿ ಹಿಂದೆ. ಪ್ಲಗ್ಗು, ಕಂಡೆನ್ಸರು, ಕ್ಲಚ್ ವೈರು ಎಲ್ಲರ ಹತ್ತಿರ ಎರಡೆರಡು. ಒಬ್ಬನ ಗಾಡಿ ನಿಂತರೆ ಎಲ್ಲರೂ ನಿಲ್ಲಬೇಕು. ತೆಕ್ಕಲಕೋಟೆಯಲ್ಲಿ ಒಗ್ಗಾಣಿ ಮಿರ್ಚಿ ಕಡ್ಡಾಯ. ಜುಲೈ ಎರಡನೇ ಭಾನುವಾರ, ಅಂತರರಾಷ್ಟ್ರೀಯ ಜಾವಾ ಯೆಜ್ಡಿ ದಿನ, ಬೆಂಗಳೂರು ಮೈಸೂರಿನಲ್ಲಿ ನೂರಾರು ಗಾಡಿ ಸೇರುತ್ತವೆ. ನಾವು ಏಳೆಂಟು ಗಾಡಿ ಸಿರುಗುಪ್ಪಕ್ಕೆ ಹೋಗಿ ಬರ್ತೀವಿ. ದಾರಿಯಲ್ಲಿ ಯಾರಾದರೂ ಮುದುಕರು ಕೈ ಅಡ್ಡ ಹಾಕಿ ನಿಲ್ಲಿಸಿ, ಗೇರ್ ಲಿವರನ್ನೇ ತಿರುಗಿಸಿ ಕಿಕ್ ಮಾಡಿಕೊಳ್ಳೋದನ್ನ ಮೊಮ್ಮಗನಿಗೆ ತೋರಿಸ್ತಾರೆ. ನಮಗೆ ಅದೇ ಸಂಭ್ರಮ.

*

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಇಷ್ಟೆಲ್ಲ ಬರೆದಿದ್ದು ಇದಕ್ಕೇ.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ಕಂಪನಿಯ ಕೈಯಲ್ಲಿ ಮತ್ತೆ ಬಂದವು. ಹೊಸ ಎಂಜಿನ್ನು, ನಾಲ್ಕು ಸ್ಟ್ರೋಕು, ನೀರಿನಿಂದ ತಂಪಾಗುವಂಥದ್ದು. ತಯಾರಾಗೋದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಒಳ್ಳೇದೇ. ಆದರೆ ಅದರಿಂದ ಹಳೇ ಗಾಡಿಗೆ ಬೆಲೆ ಬಂದುಬಿಟ್ಟಿತು. ಊರೂರಿನ ಹಿತ್ತಲಲ್ಲಿ ಬಿದ್ದಿದ್ದ ಜಾವಾಗಳನ್ನ ದೊಡ್ಡ ಊರಿನ ಸಂಗ್ರಾಹಕರು ಹುಡುಕಿಕೊಂಡು ಬರ್ತಿದ್ದಾರೆ. ಟೆಂಪೋದಲ್ಲಿ ಹೇರಿಕೊಂಡು ಹೋಗಿ, ಎಲ್ಲ ಬಿಚ್ಚಿ, ಹೊಸ ಕ್ರೋಮು, ಹೊಸ ಬಣ್ಣ ಹಾಕಿ 'ಒರಿಜಿನಲ್' ಮಾಡ್ತಾರೆ.

ಸರ್ಕಾರವೂ 2021ರ ಜುಲೈನಲ್ಲಿ ವಿಂಟೇಜ್ ಗಾಡಿಗಳ ನಿಯಮ ತಂದಿತು. ಐವತ್ತು ವರ್ಷ ದಾಟಿದ ಗಾಡಿಗೆ ಅರ್ಜಿ ಹಾಕಿದರೆ 'ವಿಎ' ಅಂತ ಬೇರೆ ನಂಬರು. ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಇರಬಾರದು. ನಂಬರು ಸಿಕ್ಕ ಮೇಲೆ ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲು, ರಿಪೇರಿ ಇಂಥದ್ದಕ್ಕೆ ಮಾತ್ರ.

ನನ್ನ ಗಾಡಿಗೆ 2024ರಲ್ಲಿ ಐವತ್ತು ತುಂಬಿತು. ಗೆಳೆಯರು "ಮಾಡಿಸಿಬಿಡು" ಅಂದರು. ನಾನು ಕೂತು ಲೆಕ್ಕ ಹಾಕಿದೆ. ನನ್ನ ಗಾಡಿಯಲ್ಲಿ ಮೂಲದ್ದು ಏನಿದೆ? ಕ್ಯಾರಿಯರು ಕುರುಗೋಡಿನ ಕುಂಟೆಯದು. ಸೈಲೆನ್ಸರು ಬೇರೆಯವರು ಮಾಡಿದ್ದು. ಪಿಸ್ಟನ್ನು ಮೂರನೆಯದೋ ನಾಲ್ಕನೆಯದೋ. 6 ವೋಲ್ಟಿನ ಮಂಕು ದೀಪಕ್ಕೆ ಬೇಸತ್ತು 12 ವೋಲ್ಟು ಮಾಡಿಸಿದ್ದು ಕಟಿಂಗ್ ಮಾಸ್ಟರ್. ಒರಿಜಿನಲ್ ಮಾಡಬೇಕಾದರೆ ಮೊದಲು ಕುಂಟೆಯ ಪಟ್ಟಿ ಕಿತ್ತು ಬಿಸಾಕಬೇಕು.

ಅದನ್ನ ಕಿತ್ತರೆ ಗಾಡಿ 1974ರಲ್ಲಿ ಮೈಸೂರಿನ ಗೇಟಿನ ಹತ್ತಿರ ಇದ್ದ ಹಾಗೆ ಆಗುತ್ತೆ. ಆಮೇಲಿನ ಐವತ್ತು ವರ್ಷ? ಸಿರುಗುಪ್ಪದ ಭತ್ತ, ಮಾಸ್ತರರ ಹನ್ನೊಂದು ವರ್ಷ, ಜೀನ್ಸಿನ ಗಂಟು ಎಲ್ಲ ಅಳಿಸಿಹೋಗುತ್ತೆ. ನಾವು ಚರಿತ್ರೆ ಉಳಿಸ್ತೀವಿ ಅಂತ ಹೇಳಿಕೊಂಡು ಚರಿತ್ರೆಯನ್ನೇ ಉಜ್ಜಿ ತೆಗೀತಿದ್ದೀವಿ ಅಂತ ನನ್ನ ತಕರಾರು. ಸಂಗ್ರಾಹಕರ ಮೇಲೆ ನನಗೆ ಸಿಟ್ಟಿಲ್ಲ. ಅವರಿಲ್ಲದಿದ್ದರೆ ಎಷ್ಟೋ ಗಾಡಿ ಗುಜರಿಗೆ ಹೋಗಿರುತ್ತಿತ್ತು, ಎಷ್ಟೋ ಬಿಡಿಭಾಗ ಮತ್ತೆ ತಯಾರಾಗುತ್ತಲೇ ಇರಲಿಲ್ಲ. ಆದರೆ ಎಲ್ಲ ಗಾಡಿಗಳೂ ಒಂದೇ ಥರ ಹೊಳೆಯುತ್ತಾ ಗಾಜಿನ ಹಿಂದೆ ನಿಂತರೆ, ಅವನ್ನ ಬದುಕಿಸಿದ ಕೈಗಳ ಗುರುತು ಎಲ್ಲಿ ಹುಡುಕೋದು?

ಓಡಿಸಿಕೊಂಡೇ ಇರೋದೂ ಸುಲಭವಲ್ಲ. ಹಳೇ ಗಾಡಿಯ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 300ರಿಂದ 1,000 ರೂಪಾಯಿಗೆ ಏರಿತು. ಇಪ್ಪತ್ತು ವರ್ಷ ದಾಟಿದವಕ್ಕೆ 2025ರಲ್ಲಿ ಇನ್ನೂ ಏರಿಸಿದರು. ಬಂಕಿನಲ್ಲಿ ಈಗ ಸಿಗೋದು ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲು. ಎಥನಾಲು ಗಾಳಿಯ ತೇವ ಹೀರುತ್ತೆ, ಹಳೇ ರಬ್ಬರನ್ನ ಮೆತ್ತಗೆ ಮಾಡುತ್ತೆ. ಅದನ್ನ ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ ಮಾಡ್ತಾರೆ. ಸಿರುಗುಪ್ಪದ ಅಕ್ಕಿ ಹೊತ್ತ ಗಾಡಿ ಈಗ ಅಕ್ಕಿಯನ್ನೇ ಕುಡೀತಿದೆ! ಉಪಾಯ ಇಷ್ಟೇ: ತಿಂಗಳುಗಟ್ಟಲೆ ನಿಲ್ಲಿಸೋದಾದರೆ ಟ್ಯಾಂಕು, ಕಾರ್ಬುರೇಟರ್ ಖಾಲಿ ಮಾಡಿ, ಪೆಟ್ರೋಲ್ ಪೈಪು ಆಗಾಗ ಬದಲಿಸಿ. ಎಲ್ಲಕ್ಕಿಂತ ಒಳ್ಳೇದು, ನಿಲ್ಲಿಸಲೇಬೇಡಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಕಾಲುವೆ ನಂಬಿದ ಲಕ್ಷಾಂತರ ಎಕರೆಯ ನೀರು ಹೊಳೆ ಪಾಲಾಗುತ್ತಿತ್ತು. ಕನ್ನಯ್ಯ ನಾಯ್ಡು ಅನ್ನೋ ಹಿರಿಯ ಎಂಜಿನಿಯರ್ ಬಂದರು, ಹರಿಯೋ ನೀರಿನಲ್ಲೇ ಕಬ್ಬಿಣದ ತಡೆ ಇಳಿಸಿ ವಾರದೊಳಗೆ ನೀರು ನಿಲ್ಲಿಸಿದರು. ಅವತ್ತು ಜಿಲ್ಲೆಗೆಲ್ಲ ಗೊತ್ತಾಯ್ತು: ಕಟ್ಟಿದವರ ಹೆಸರು ಕಲ್ಲಿನ ಮೇಲಿರುತ್ತೆ, ಆದರೆ ಅನ್ನ ಹಾಕೋದು ಚೈನಿಗೆ ಗ್ರೀಸು ಹಚ್ಚೋವರು. ಗಾಡಿ ಸಣ್ಣದು, ಅಣೆಕಟ್ಟು ದೊಡ್ಡದು. ಲೆಕ್ಕ ಒಂದೇ.

ನಾನು ವಿಎ ನಂಬರಿಗೆ ಅರ್ಜಿ ಹಾಕಿಲ್ಲ. ಕುಂಟೆಯ ಪಟ್ಟಿ ಇದ್ದಲ್ಲೇ ಇದೆ.

ನಿಮ್ಮ ಮನೆಯಲ್ಲೂ ಅಪ್ಪನದೋ ತಾತನದೋ ಹಳೇ ಗಾಡಿ ಇದ್ದರೆ, ಮಾರೋ ಮುಂಚೆ, ಬಣ್ಣ ಹೊಡೆಸೋ ಮುಂಚೆ ಒಂದು ಕೆಲಸ ಮಾಡಿ. ಆರ್.ಸಿ. ಪುಸ್ತಕದ ಫೋಟೋ ತೆಗೆದಿಡಿ. ಯಾವ ಭಾಗ ಯಾವ ಊರಲ್ಲಿ, ಯಾರು ಹಾಕಿದ್ದು ಅಂತ ಗೊತ್ತಿರೋವರನ್ನ ಕೇಳಿ ಬರೆದಿಡಿ. ಗೊತ್ತಿರೋವರಿಗೆಲ್ಲ ಈಗ ಎಪ್ಪತ್ತು ದಾಟಿದೆ. ನಮ್ಮ ಚಾಚಾಗೆ ಕಣ್ಣು ಮಂಜಾಗಿದೆ, ಪಾಯಿಂಟ್ ಗ್ಯಾಪು ಈಗ ಉಗುರಿನಲ್ಲೇ ಮುಟ್ಟಿ ನೋಡ್ತಾರೆ. ಮುಂದಿನ ಭಾನುವಾರ ಕುರುಗೋಡಿಗೆ ಹೋಗ್ತಿದ್ದೀವಿ, ಆ ಕಮ್ಮಾರರ ಮನೆ ಹುಡುಕೋಕೆ. ಆ ಕಡೆಯವರು ಯಾರಾದರೂ ಇದ್ದರೆ ಬನ್ನಿ, ಆರು ಗಂಟೆಗೆ ಗಡಿಗಿ ಚನ್ನಪ್ಪ ವೃತ್ತದ ಹತ್ತಿರ ಸಿಗ್ತೀವಿ. ನಿಧಾನದ ಗಾಡಿ ಇದ್ದರೆ ಇನ್ನೂ ಒಳ್ಳೇದು, ಮುಂದೆ ನೀವೇ.